ಕಪ್ಪು ಪರದೆಯ ಹಿಂದೆ: ಲಿನಕ್ಸ್ ಡಿಸ್‌ಪ್ಲೇ ತೊಂದರೆಗಳ ಒಂದು ಸಮೀಕ್ಷೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಲಿನಕ್ಸ್ ಕಡೆ ತಿರುಗುತ್ತಿದ್ದಾರೆ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಯಾವ ವಿತರಣೆಯನ್ನೇ ಹಾಕಿದರೂ ಹೆಚ್ಚಿನ ಯಂತ್ರಗಳಲ್ಲಿ ಕೆಲಸ ಸಲೀಸಾಗಿ ಮುಗಿಯುತ್ತದೆ. ಮುಗಿಯದ ಕಡೆ ಜನರನ್ನು ಹೆಚ್ಚು ಕಂಗೆಡಿಸುವುದು ಡಿಸ್‌ಪ್ಲೇ. ಧ್ವನಿ ಬರದಿದ್ದರೆ, ಪ್ರಿಂಟರ್ ಕೈಕೊಟ್ಟರೆ ಅದೇ ಕಂಪ್ಯೂಟರಿನಲ್ಲಿ ಪರಿಹಾರ ಹುಡುಕಬಹುದು. ಪರದೆಯೇ ಕಪ್ಪಾದರೆ ಹುಡುಕುವ ದಾರಿಯೂ ಮುಚ್ಚಿಹೋಗುತ್ತದೆ. ಹೊಸಬರು ಲಿನಕ್ಸ್ ಬಿಟ್ಟು ಹೋಗುವುದು ಬಹಳ ಸಲ ಈ ಘಟ್ಟದಲ್ಲೇ.

ಹಾಗೆ ಬಿಟ್ಟುಹೋಗುವ ಅಗತ್ಯ ಬಹುಪಾಲು ಸಂದರ್ಭಗಳಲ್ಲಿ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕಪ್ಪು ಪರದೆ ಒಂದೇ ಕಾಯಿಲೆಯ ಹೆಸರಲ್ಲ. ಪವರ್ ಬಟನ್ ಒತ್ತಿದ ಮೇಲೆ ಡೆಸ್ಕ್‌ಟಾಪ್ ಕಾಣುವವರೆಗೆ ಚಿತ್ರ ಮೂಡಿಸುವ ಹೊಣೆ ಐದಾರು ಕೈ ದಾಟುತ್ತದೆ. ಯಾವ ಕೈಯಲ್ಲಿ ಜಾರಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಅದನ್ನು ಗೊತ್ತುಮಾಡಿಕೊಳ್ಳದೆ ಎಲ್ಲೋ ಸಿಕ್ಕಿದ ಆಜ್ಞೆಗಳನ್ನು ಟರ್ಮಿನಲ್ಲಿಗೆ ಸುರಿಯುವುದರಿಂದ ಒಂದು ತೊಂದರೆ ಮೂರಾಗುತ್ತದೆ. ಇನ್ನೂ ದೊಡ್ಡ ಅಪಾಯ, ಸಿಕ್ಕುವ ಸಲಹೆಗಳಲ್ಲಿ ಬಹಳಷ್ಟು ವಯಸ್ಸಾದವು. ಬರೆದ ಕಾಲಕ್ಕೆ ಸರಿಯಾಗಿದ್ದ ಉತ್ತರ ಇವತ್ತಿನ ಯಂತ್ರಕ್ಕೆ ತಪ್ಪು. ಅದು ಯಾಕೆ ಹೀಗೆ ಎಂದು ತಿಳಿಯಲು ಸ್ವಲ್ಪ ಚರಿತ್ರೆ ಬೇಕು.

ಲಿನಕ್ಸಿನ ಚಿತ್ರವ್ಯವಸ್ಥೆಗೆ ಲಿನಕ್ಸಿಗಿಂತ ಹೆಚ್ಚು ವಯಸ್ಸು. ಎಕ್ಸ್ ವಿಂಡೋ ಸಿಸ್ಟಮ್ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅದರ ಮೂಲಕರ್ತರು. 1987ರಲ್ಲಿ ಬಂದ ಹನ್ನೊಂದನೆಯ ಆವೃತ್ತಿಯೇ ಇವತ್ತಿಗೂ ಎಕ್ಸ್11 ಎಂಬ ಹೆಸರಲ್ಲಿ ಉಳಿದುಕೊಂಡಿದೆ. ಪಿಸಿಗಳಿಗೆ ಅದನ್ನು ಒಗ್ಗಿಸಿದ್ದು ತೊಂಬತ್ತರ ದಶಕದ ಎಕ್ಸ್‌ಫ್ರೀ86 ಯೋಜನೆ. ಆ ಕಾಲದಲ್ಲಿ ಲಿನಕ್ಸ್ ಹಾಕಿದವರು ಮಾನಿಟರಿನ ಕೈಪಿಡಿ ತೆರೆದಿಟ್ಟುಕೊಂಡು, ಅಡ್ಡ ಮತ್ತು ಲಂಬ ಆವರ್ತನಗಳ ಮಿತಿಯನ್ನು ಒಂದು ಪಠ್ಯ ಫೈಲಿನಲ್ಲಿ ಕೈಯಾರೆ ಬರೆಯಬೇಕಿತ್ತು. ಅಂಕಿ ತಪ್ಪಿದರೆ ಮಾನಿಟರೇ ಕೆಡಬಹುದು ಎಂಬ ಎಚ್ಚರಿಕೆ ಆಗಿನ ದಾಖಲೆಗಳಲ್ಲಿತ್ತು, ಹಳೆಯ ಸಿಆರ್‌ಟಿ ಮಾನಿಟರುಗಳ ಮಟ್ಟಿಗೆ ಅದು ಸುಳ್ಳಲ್ಲ. 2004ರಲ್ಲಿ ಪರವಾನಗಿಯ ಜಗಳದಿಂದ ಎಕ್ಸ್‌ಫ್ರೀ86 ಒಡೆದು, ಕೆಲಸವೆಲ್ಲ ಎಕ್ಸ್.ಆರ್ಗ್ ಪ್ರತಿಷ್ಠಾನದ ಕಡೆ ಬಂತು.

ನಿಜವಾದ ತಿರುವು 2009ರದು. ಆವರೆಗೆ ರೆಸಲ್ಯೂಷನ್ ಹೊಂದಿಸುವ ಕೆಲಸವನ್ನು ಎಕ್ಸ್ ಸರ್ವರ್ ಮಾಡುತ್ತಿತ್ತು, ಲಿನಕ್ಸಿನ ತಿರುಳಾದ ಕರ್ನಲ್ ಸುಮ್ಮನೆ ನೋಡುತ್ತಿತ್ತು. ಆ ವರ್ಷದ 2.6.29 ಕರ್ನಲ್ಲಿನಿಂದ, ಮೊದಲು ಇಂಟೆಲ್ ಚಿಪ್ಪುಗಳಿಗೆ, ಆ ಹೊಣೆ ಕರ್ನಲ್ಲಿಗೆ ಬಂತು. ಇದಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಎನ್ನುತ್ತಾರೆ. ಎಎಮ್‌ಡಿಯ ರೇಡಿಯಾನ್, ಎನ್‌ವಿಡಿಯಾ ಕಾರ್ಡುಗಳ ಮುಕ್ತ ಡ್ರೈವರ್ ನೂವೋ ಬೇಗನೆ ಅದೇ ದಾರಿ ಹಿಡಿದವು. ಮಾನಿಟರ್ ತನ್ನ ಸಾಮರ್ಥ್ಯವನ್ನು ತಾನೇ ಹೇಳಿಕೊಳ್ಳುವ ಇಡಿಐಡಿ ಎಂಬ ಪುಟ್ಟ ದಾಖಲೆಯೂ ಅಷ್ಟರಲ್ಲಿ ಎಲ್ಲೆಡೆ ಬಂದಿತ್ತು. ಇವೆರಡೂ ಕೂಡಿದ್ದರಿಂದ ಕೈಯಲ್ಲಿ ಬರೆಯುವ ಸಂರಚನಾ ಫೈಲ್ ಬೇಡವಾಯಿತು. ಲಕ್ಷಾಂತರ ಜನರಿಗೆ ಇದು ವರ. ಆದರೆ ಸ್ವಯಂಚಾಲಿತ ವ್ಯವಸ್ಥೆ ತಪ್ಪಿದಾಗ ಕೈಹಾಕುವ ಜಾಗ ಯಾವುದೆಂದು ಹೇಳಿಕೊಡುವವರು ಕಡಿಮೆಯಾದರು. ಹಳೆಯ ಸಲಹೆಗಳು ಈಗಲೂ ಎಕ್ಸ್‌ಆರ್ಗ್.ಕಾನ್ಫ್ ಎಂಬ ಆ ಫೈಲನ್ನು ತಿದ್ದಲು ಹೇಳುತ್ತವೆ. ಇವತ್ತು ಆ ಫೈಲ್ ಬಹಳ ಕಡೆ ಇರುವುದೇ ಇಲ್ಲ. ಇದ್ದರೆ ಅದೇ ತೊಂದರೆಯ ಮೂಲವಾಗಿರುವುದೂ ಉಂಟು: ಹಿಂದೆ ಎನ್‌ವಿಡಿಯಾ ಕಾರ್ಡ್ ಇದ್ದಾಗ ಅದರ ಉಪಕರಣ ಬರೆದಿಟ್ಟ ಫೈಲ್, ಕಾರ್ಡ್ ತೆಗೆದ ಮೇಲೂ ಉಳಿದು, ಇಲ್ಲದ ಡ್ರೈವರನ್ನು ಕೇಳುತ್ತಿರುತ್ತದೆ. ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟರೆ ಪರದೆ ಬರುತ್ತದೆ.

ಈಗ ಆ ಐದಾರು ಕೈಗಳ ವಿಷಯ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಒಂದು ಸರಳ ಚಿತ್ರ ಮೂಡಿಸುತ್ತದೆ, ಕಂಪನಿಯ ಲೋಗೊ ಕಾಣುವುದು ಆಗಲೇ. ಲೋಗೊ ಕೂಡ ಕಾಣದಿದ್ದರೆ ತಪ್ಪು ಲಿನಕ್ಸಿನದಲ್ಲ. ಕೇಬಲ್ ನೋಡಿ, ಮಾನಿಟರಿನ ಇನ್‌ಪುಟ್ ಆಯ್ಕೆ ನೋಡಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲ್ಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರಾ ನೋಡಿ. ಲೋಗೊ ಬಂದು, ಯಾವ ವ್ಯವಸ್ಥೆ ಶುರುಮಾಡಬೇಕೆಂದು ಕೇಳುವ ಗ್ರಬ್ ಮೆನುವೂ ಬಂದು, ಆಮೇಲೆ ಕತ್ತಲಾದರೆ ಫರ್ಮ್‌ವೇರಿನಿಂದ ಕರ್ನಲ್ ಡ್ರೈವರಿಗೆ ಹೊಣೆ ಹಸ್ತಾಂತರವಾಗುವಾಗ ಜಾರಿದೆ. ಅಕ್ಷರದ ಸಾಲುಗಳು ಓಡಿ, ಲಾಗಿನ್ ಪರದೆ ಮಾತ್ರ ಬರದಿದ್ದರೆ ಡಿಸ್‌ಪ್ಲೇ ಸರ್ವರ್ ಅಥವಾ ಲಾಗಿನ್ ಮ್ಯಾನೇಜರ್ ಕಡೆ ನೋಡಬೇಕು. ಲಾಗಿನ್ ಆದ ಮೇಲೆ ಕಪ್ಪಾದರೆ ಡೆಸ್ಕ್‌ಟಾಪಿನದು. ಯಾವ ಹಂತದವರೆಗೆ ಬಂತು ಎಂದು ಕಣ್ಣಲ್ಲಿ ನೋಡಿ ಬರೆದುಕೊಳ್ಳುವುದಕ್ಕೆ ಯಾವ ಪರಿಣತಿಯೂ ಬೇಡ. ಕೇಳುವವರಲ್ಲಿ ಬಹುತೇಕರು ಇದನ್ನೇ ಹೇಳುವುದಿಲ್ಲ ಎಂಬುದು ಬೇಸರದ ಸಂಗತಿ.

ಯಂತ್ರ ಸತ್ತಿದೆಯೋ ಬರೀ ಪರದೆ ಹೋಗಿದೆಯೋ ತಿಳಿಯಲು ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಜೀವಂತವಾಗಿದೆ. ಲ್ಯಾಪ್‌ಟಾಪಿನ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂಬದಿಯ ಬೆಳಕು ಮಾತ್ರ, ಡ್ರೈವರನ್ನು ಕೆದಕುವ ಕೆಲಸವೇ ಇಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರದ ಕನ್ಸೋಲ್ ತೆರೆದುಕೊಳ್ಳಬೇಕು. ಅದು ಬಂತೆಂದರೆ ಧೈರ್ಯವಾಗಿರಿ, ನಿಮ್ಮ ಫೈಲುಗಳೂ ವ್ಯವಸ್ಥೆಯೂ ಕ್ಷೇಮವಾಗಿವೆ. ದುರಸ್ತಿ ಅಲ್ಲಿಂದಲೇ ಮಾಡಬಹುದು.

ಅದೂ ಬರದಿದ್ದಾಗ ಬಳಸುವುದು ನೋಮೋಡ್‌ಸೆಟ್. ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಈ ಪದ ಸೇರಿಸಿ, ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಮಾತ್ರ ಕರ್ನಲ್ ತನ್ನ ಗ್ರಾಫಿಕ್ಸ್ ಡ್ರೈವರನ್ನು ಬದಿಗಿಟ್ಟು ಫರ್ಮ್‌ವೇರ್ ಕೊಟ್ಟ ಸರಳ ಚಿತ್ರವನ್ನೇ ಬಳಸುತ್ತದೆ. ಉಬುಂಟುವಿನ ಸೇಫ್ ಗ್ರಾಫಿಕ್ಸ್, ಮಿಂಟಿನ ಕಂಪ್ಯಾಟಿಬಿಲಿಟಿ ಮೋಡ್ ಮಾಡುವುದೂ ಮುಖ್ಯವಾಗಿ ಇದನ್ನೇ. ಇದರಿಂದ ಪರದೆ ಬಂದರೆ ಡ್ರೈವರೇ ಅಪರಾಧಿ ಎಂದು ಖಚಿತ. ಇದು ರೋಗ ಗುರುತಿಸುವ ಪರೀಕ್ಷೆ, ಚಿಕಿತ್ಸೆ ಎಂದುಕೊಳ್ಳಬಾರದು. ಆದರೂ ಎಷ್ಟೋ ಯಂತ್ರಗಳಲ್ಲಿ ಇದನ್ನು ಶಾಶ್ವತವಾಗಿ ಬರೆದಿಟ್ಟಿರುತ್ತಾರೆ. ಪರಿಣಾಮವಾಗಿ ಬೆಳಕು ಹೆಚ್ಚುಕಡಿಮೆ ಮಾಡಲಾಗುವುದಿಲ್ಲ, ಎರಡನೆಯ ಮಾನಿಟರ್ ಕಾಣಿಸುವುದಿಲ್ಲ, ವಿಡಿಯೊ ನೋಡಿದರೆ ಫ್ಯಾನ್ ಅಬ್ಬರಿಸುತ್ತದೆ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನೆಲ್ಲ ಪ್ರೊಸೆಸರ್ ಹೊರುತ್ತಿರುತ್ತದೆ. ಸಿಸ್ಟಮ್ ಮಾಹಿತಿಯಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಎಲ್‌ಎಲ್‌ವಿಎಮ್‌ಪೈಪ್ ಎಂಬ ಹೆಸರು ಕಂಡರೆ ನಿಮ್ಮ ಯಂತ್ರದ ಸ್ಥಿತಿಯೂ ಇದೇ.

ಡ್ರೈವರ್ ಅಪರಾಧಿ ಎಂದಾದರೆ ಮುಂದಿನ ಪ್ರಶ್ನೆ ಚಿಪ್ ಯಾರದು ಎಂಬುದು. ಇಂಟೆಲ್ ಮತ್ತು ಎಎಮ್‌ಡಿ ಡ್ರೈವರುಗಳು ಕರ್ನಲ್ಲಿನೊಳಗೇ ಬರುತ್ತವೆ. ಎಟಿಐ ಕಂಪನಿಯನ್ನು 2006ರಲ್ಲಿ ಕೊಂಡ ಎಎಮ್‌ಡಿ ಮರುವರ್ಷವೇ ತನ್ನ ಚಿಪ್ಪುಗಳ ತಾಂತ್ರಿಕ ದಾಖಲೆಗಳನ್ನು ಬಿಡುಗಡೆ ಮಾಡತೊಡಗಿತು. ಅದರ ಫಲವನ್ನು ಇವತ್ತಿನ ಬಳಕೆದಾರರು ಉಣ್ಣುತ್ತಿದ್ದಾರೆ. ಇಲ್ಲಿ ಬರುವ ತೊಂದರೆ ಹೆಚ್ಚಾಗಿ ಎರಡೇ ಬಗೆ. ಯಂತ್ರ ತೀರಾ ಹೊಸದು, ಕರ್ನಲ್ ಹಳೆಯದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಿಗುವ ಹೊಸ ಹಾರ್ಡ್‌ವೇರ್ ಕರ್ನಲ್ ಹಾಕಿಕೊಂಡರೆ ಸರಿಹೋಗುತ್ತದೆ. ಇಲ್ಲವೇ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಫೈಲ್ ಇಲ್ಲ. ಡೆಬಿಯನ್ ಬಹಳ ವರ್ಷ ತತ್ವದ ಕಾರಣಕ್ಕೆ ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಇಡುತ್ತಿರಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ ಅದನ್ನು ಬದಲಿಸಿದರು, 2023ರ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತದೆ. ಮುಕ್ತತೆಯ ತತ್ವವನ್ನು ಗೌರವಿಸುವವನಾಗಿಯೂ ಆ ನಿರ್ಧಾರ ಸರಿ ಎನ್ನುತ್ತೇನೆ. ಪರದೆಯೇ ಬಾರದ ಯಂತ್ರದಿಂದ ಯಾರಿಗೂ ಸ್ವಾತಂತ್ರ್ಯ ಸಿಗುವುದಿಲ್ಲ. ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಪರದೆ ಮಿನುಗುವ ತೊಂದರೆಗೆ ಬಹಳ ಸಲ ವಿದ್ಯುತ್ ಉಳಿಸುವ ಪಿಎಸ್‌ಆರ್ ಸೌಲಭ್ಯ ಕಾರಣ. ಅದನ್ನು ಗ್ರಬ್ಬಿನ ಅದೇ ಲಿನಕ್ಸ್ ಸಾಲಿನಲ್ಲಿ ನಿಷ್ಕ್ರಿಯಗೊಳಿಸಿ ನೋಡಬಹುದು.

ಎನ್‌ವಿಡಿಯಾದ ಕತೆ ಬೇರೆ. ಬಹಳ ಕಾಲ ಅದು ತನ್ನ ಡ್ರೈವರನ್ನು ಮುಚ್ಚಿಟ್ಟುಕೊಂಡೇ ಕೊಟ್ಟಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಕರ್ನಲ್ಲಿನ ಜನಕ ಲಿನುಸ್ ತೊರ್ವಾಲ್ಡ್ಸ್ ಈ ಕಂಪನಿಯನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡದ್ದು ಲಿನಕ್ಸ್ ವಲಯದಲ್ಲಿ ಎಲ್ಲರಿಗೂ ನೆನಪಿದೆ. ದಾಖಲೆಯಿಲ್ಲದೆ, ಚಿಪ್ಪಿನ ವರ್ತನೆ ನೋಡಿ ನೋಡಿ ಬರೆದ ಡ್ರೈವರ್ ನೂವೋ. ಅದನ್ನು ಬರೆದವರ ತಾಳ್ಮೆಗೆ ಕೈಮುಗಿಯಬೇಕು. ಆದರೆ 900 ಸರಣಿಯ ಕಾರ್ಡುಗಳಿಂದ ಮುಂದೆ ಕಂಪನಿಯ ಸಹಿ ಇರುವ ಫರ್ಮ್‌ವೇರ್ ಬೇಕಾಗಿ, ನೂವೋ ಆ ಕಾರ್ಡುಗಳನ್ನು ಪೂರ್ಣ ವೇಗಕ್ಕೆ ಏರಿಸಲಾಗದೆ ಉಳಿಯಿತು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನಲ್ ಭಾಗವನ್ನು ಮುಕ್ತವಾಗಿ ಬಿಡುಗಡೆ ಮಾಡಿತು, ಆದರೆ ಅದು ಟ್ಯೂರಿಂಗ್ ಪೀಳಿಗೆ ಮತ್ತು ನಂತರದ ಕಾರ್ಡುಗಳಿಗೆ ಮಾತ್ರ.

ನಮ್ಮಲ್ಲಿ ಇದು ಯಾಕೆ ಮುಖ್ಯ ಎಂದರೆ, ಇಲ್ಲಿ ಹಳೆಯ ಕಾರ್ಡುಗಳು ಬೇಗ ನಿವೃತ್ತಿಯಾಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಂಡು ಯಂತ್ರ ಜೋಡಿಸುವವರು ಇವತ್ತಿಗೂ ಇದ್ದಾರೆ. ಎನ್‌ವಿಡಿಯಾ ಹಳೆಯ ಕಾರ್ಡುಗಳಿಗೆ ಡ್ರೈವರ್ ಸರಣಿಯನ್ನು ಒಂದು ಹಂತಕ್ಕೆ ನಿಲ್ಲಿಸಿಬಿಡುತ್ತದೆ: ಫರ್ಮಿ ಪೀಳಿಗೆಗೆ 390, ಕೆಪ್ಲರಿಗೆ 470, ಜಿಟಿಎಕ್ಸ್ 1050, 1060ರಂಥ ಪ್ಯಾಸ್ಕಲ್ ಕಾರ್ಡುಗಳಿಗೆ 580. ನಿಂತ ಸರಣಿಯ ಡ್ರೈವರ್ ಮುಂದೆ ಬರುವ ಕರ್ನಲ್ಲುಗಳ ಜೊತೆ ಹೊಂದದೆ ಹೋಗುತ್ತದೆ. ಹಾಗಾಗಿ ಕಾರ್ಡ್ ಕೊಳ್ಳುವ ಮೊದಲು ಅದಕ್ಕೆ ಯಾವ ಸರಣಿ ಎಂದು ನೋಡಿಕೊಳ್ಳಿ. ಫರ್ಮಿಯಷ್ಟು ಹಳೆಯದಾದರೆ ನೂವೋದಲ್ಲೇ ತೃಪ್ತಿಪಡುವುದು ಜಾಣತನ. ಕಚೇರಿ ಕೆಲಸಕ್ಕೆ, ಓದು ಬರಹಕ್ಕೆ ಅದು ಸಾಕು.

ಎನ್‌ವಿಡಿಯಾ ಬಳಕೆದಾರರು ಹೆಚ್ಚು ಸಲ ಎಡವುವುದು ಅಪ್‌ಡೇಟ್ ಆದ ಮರುದಿನ. ಹೊಸ ಕರ್ನಲ್ ಬಂದಾಗಲೆಲ್ಲ ಡ್ರೈವರಿನ ಕರ್ನಲ್ ಭಾಗವನ್ನು ಹೊಸದಾಗಿ ಕಟ್ಟಬೇಕು. ಡಿಕೆಎಮ್‌ಎಸ್ ಎಂಬ ವ್ಯವಸ್ಥೆ ಅದನ್ನು ತಾನಾಗಿ ಮಾಡುತ್ತದೆ, ಆದರೆ ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಸದ್ದಿಲ್ಲದೆ ಸೋಲುತ್ತದೆ. ಇನ್ನೊಂದು ಅಡ್ಡಿ, ನಂಬಿಕೆಯ ಸಹಿ ಇಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆಯೊಂದು ಬಂದು ಎನ್ರೋಲ್ ಎಂಒಕೆ ಎಂಬ ಆಯ್ಕೆ ತೋರಿಸುತ್ತದೆ. ಗಾಬರಿಯಿಂದ ಅಥವಾ ಅವಸರದಿಂದ ಅಲ್ಲಿ ಕಂಟಿನ್ಯೂ ಬೂಟ್ ಒತ್ತಿದಿರೋ, ಡ್ರೈವರಿನ ಸಹಿಯನ್ನು ಕರ್ನಲ್ ಒಪ್ಪುವುದಿಲ್ಲ. ಆ ನೀಲಿ ಪರದೆಯಲ್ಲಿ ಎನ್ರೋಲ್ ಆರಿಸಿ, ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡನ್ನೇ ಬರೆಯಬೇಕು. ಕಂಪನಿಯ ಜಾಲತಾಣದಿಂದ ಡೌನ್‌ಲೋಡ್ ಮಾಡಿದ ಇನ್‌ಸ್ಟಾಲರನ್ನು ವಿತರಣೆಯ ಪ್ಯಾಕೇಜಿನ ಮೇಲೆ ಹೇರುವುದನ್ನಂತೂ ಮಾಡಲೇಬೇಡಿ. ಒಂದರ ಫೈಲುಗಳನ್ನು ಇನ್ನೊಂದು ಅಳಿಸಿ, ಯಾವುದೂ ನೆಟ್ಟಗೆ ಉಳಿಯುವುದಿಲ್ಲ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನೇಕ ಮಾದರಿಗಳಲ್ಲಿ ಒಳಗಿನ ಪರದೆಯ ತಂತಿ ಇಂಟೆಲ್ ಚಿಪ್ಪಿಗೆ, ಎಚ್‌ಡಿಎಮ್‌ಐ ಕಿಂಡಿಯ ತಂತಿ ಎನ್‌ವಿಡಿಯಾ ಚಿಪ್ಪಿಗೆ ಹೋಗಿರುತ್ತದೆ. ಬ್ಯಾಟರಿ ಉಳಿಸಲು ಎನ್‌ವಿಡಿಯಾವನ್ನು ಪೂರ್ತಿ ನಿಲ್ಲಿಸಿದರೆ ಹೊರಗಿನ ಮಾನಿಟರ್ ಕಾಣುವುದೇ ಇಲ್ಲ. ಕೇಬಲ್ ಬದಲಿಸಿ, ಮಾನಿಟರ್ ಬದಲಿಸಿ ಏನೂ ಪ್ರಯೋಜನವಿಲ್ಲ.

ರೆಸಲ್ಯೂಷನ್ನಿನ ತೊಂದರೆಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಶಾಲೆ, ಸಭಾಂಗಣಗಳಲ್ಲಿ ಉದ್ದನೆಯ ವಿಜಿಎ ಕೇಬಲ್ಲಿನಲ್ಲಿ ಪ್ರೊಜೆಕ್ಟರ್ ಜೋಡಿಸಿದಾಗ ಚಿತ್ರ 1024×768ಕ್ಕೇ ನಿಂತುಬಿಡುತ್ತದೆ. ಕಾರಣ, ಅಗ್ಗದ ಕೇಬಲ್ಲುಗಳಲ್ಲಿ ಇಡಿಐಡಿ ಸಾಗಿಸುವ ಪಿನ್ನುಗಳಿಗೆ ತಂತಿಯೇ ಇರುವುದಿಲ್ಲ. ಎದುರಿಗೆ ಇರುವುದು ಏನೆಂದು ತಿಳಿಯದ ಕರ್ನಲ್ ಕ್ಷೇಮವಾದ ಕಡಿಮೆ ಅಳತೆ ಆರಿಸಿಕೊಳ್ಳುತ್ತದೆ. ಆಗ ಸಿವಿಟಿ ಎಂಬ ಆಜ್ಞೆಯಿಂದ ಬೇಕಾದ ಅಳತೆಯ ಲೆಕ್ಕ ಪಡೆದು ಕೈಯಾರೆ ಕೊಡಬೇಕು. 1920×1080, 60 ಹರ್ಟ್ಸ್ ಎಂದು ಕೇಳಿದರೆ ಅದು 173 ಮೆಗಾಹರ್ಟ್ಸ್ ಎಂಬ ಅಂಕಿಯಿಂದ ಶುರುವಾಗುವ ಸಾಲು ಕೊಡುತ್ತದೆ. ಕಾಣುವ ಚುಕ್ಕೆಗಳು ಸಾಲಿಗೆ 1920, ಆದರೆ ಲೆಕ್ಕದಲ್ಲಿರುವುದು 2576. ಕೆಳಮುಖವಾಗಿ 1080ರ ಬದಲು 1120. ಆ ಹೆಚ್ಚುವರಿ, ಹಳೆಯ ಸಿಆರ್‌ಟಿಯ ಎಲೆಕ್ಟ್ರಾನ್ ಕಿರಣ ಒಂದು ಸಾಲು ಮುಗಿಸಿ ಮತ್ತೆ ಎಡತುದಿಗೆ, ಕೊನೆಯ ಸಾಲು ಮುಗಿಸಿ ಮತ್ತೆ ಮೇಲಕ್ಕೆ ಮರಳಲು ಬಿಟ್ಟ ಬಿಡುವು. ಇವತ್ತಿನ ಎಲ್‌ಸಿಡಿಗೆ ಅಷ್ಟು ಬಿಡುವು ಬೇಡ. ಅದೇ ಆಜ್ಞೆಗೆ ಆರ್ ಎಂಬ ಆಯ್ಕೆ ಸೇರಿಸಿದರೆ ಬಿಡುವು ಕುಗ್ಗಿ 138.5 ಮೆಗಾಹರ್ಟ್ಸಿಗೆ ಇಳಿಯುತ್ತದೆ. ಟಿವಿಗಳು ಬಳಸುವ ಇದೇ ಅಳತೆಯ ಮಾನಕ 148.5. ಉದ್ದ ಕೇಬಲ್ಲಿನಲ್ಲಿ, ಕಳಪೆ ಅಡಾಪ್ಟರಿನಲ್ಲಿ 173ಕ್ಕೆ ಒದ್ದಾಡುವ ಚಿತ್ರ 138.5ಕ್ಕೆ ನಿಂತುಬಿಡಬಹುದು. ಹಾಗೆ ಪಡೆದ ಸಾಲನ್ನು ಎಕ್ಸ್‌ಆರ್ಯಾಂಡರ್ ಆಜ್ಞೆಗೆ ಕೊಟ್ಟರೆ ಆಯಿತು. ಒಂದು ಷರತ್ತು: ನೀವು ಎಕ್ಸ್11 ಸೆಷನ್ನಿನಲ್ಲಿ ಇರಬೇಕು.

ಈ ಷರತ್ತೇ ಇವತ್ತಿನ ದೊಡ್ಡ ಗೊಂದಲ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಶುರುಮಾಡಿದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಎಕ್ಸ್11ರ ಜಾಗಕ್ಕೆ ಬಂದಿದೆ. 2016ರ ಫೆಡೋರಾ 25, 2019ರ ಡೆಬಿಯನ್ 10 ಅದನ್ನು ನೋಮ್ ಡೆಸ್ಕ್‌ಟಾಪಿಗೆ ಮೊದಲ ಆಯ್ಕೆ ಮಾಡಿದವು. ಉಬುಂಟು 17.10ರಲ್ಲಿ ಒಮ್ಮೆ ಹೋಗಿ, 18.04ರಲ್ಲಿ ಹಿಂದೆ ಬಂದು, 21.04ರಲ್ಲಿ ಮತ್ತೆ ಹೋಯಿತು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎಕ್ಸ್ ಸರ್ವರನ್ನೇ ಕೈಬಿಟ್ಟಿದೆ. ಉಬುಂಟು 25.10ರ ನೋಮ್ ಡೆಸ್ಕ್‌ಟಾಪಿನಲ್ಲಿ ವೇಲ್ಯಾಂಡ್ ಮಾತ್ರ. ಮಿಂಟಿನ ಸಿನಮನ್ ಡೆಸ್ಕ್‌ಟಾಪ್ ಈಗಲೂ ಎಕ್ಸ್11ನ್ನೇ ನೆಚ್ಚಿಕೊಂಡಿದೆ. ಅಂದರೆ ಅಕ್ಕಪಕ್ಕದ ಎರಡು ಲಿನಕ್ಸ್ ಯಂತ್ರಗಳಿಗೆ ಒಂದೇ ಔಷಧ ಹತ್ತುವುದಿಲ್ಲ. ವೇಲ್ಯಾಂಡಿನಲ್ಲಿ ಎಕ್ಸ್‌ಆರ್ಯಾಂಡರ್ ಕೊಟ್ಟ ಆಜ್ಞೆ ನಿಜವಾದ ಪರದೆಯನ್ನು ಮುಟ್ಟುವುದಿಲ್ಲ, ಎಕ್ಸ್‌ಆರ್ಗ್ ಲಾಗ್ ಫೈಲ್ ಹುಡುಕಿದರೆ ಸಿಗುವುದಿಲ್ಲ.

ವೇಲ್ಯಾಂಡ್ ಬಂದದ್ದು ಸರಿಯಾದ ಕಾರಣಕ್ಕೆ. ಎಕ್ಸ್11ರಲ್ಲಿ ಯಾವುದೇ ಪ್ರೋಗ್ರಾಂ ಇನ್ನೊಂದರ ಕಿಟಕಿಯನ್ನು ನೋಡಬಹುದಿತ್ತು, ನೀವು ಒತ್ತುವ ಕೀಲಿಗಳನ್ನು ಕದ್ದು ಕೇಳಬಹುದಿತ್ತು. ವೇಲ್ಯಾಂಡ್ ಅದಕ್ಕೆ ಬಾಗಿಲು ಹಾಕಿತು. ಆದ್ದರಿಂದಲೇ ಆನ್‌ಲೈನ್ ಮೀಟಿಂಗಿನಲ್ಲಿ ಸ್ಕ್ರೀನ್ ಹಂಚಿಕೊಂಡಾಗ ಎದುರಿನವರಿಗೆ ಕಪ್ಪು ಚೌಕ ಕಾಣುತ್ತಿತ್ತು. ಈಗ ಪೋರ್ಟಲ್ ಮತ್ತು ಪೈಪ್‌ವೈರ್ ಮೂಲಕ, ನಿಮ್ಮ ಒಪ್ಪಿಗೆ ಕೇಳಿ, ಆ ಕೆಲಸ ನಡೆಯುತ್ತದೆ. ಕನ್ನಡದಲ್ಲಿ ಬರೆಯುವವರಿಗೂ ಇದರ ಬಿಸಿ ತಟ್ಟಿದೆ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಕನ್ನಡ ಟೈಪ್ ಮಾಡುತ್ತಿದ್ದವರಿಗೆ ಕೆಡಿಇ ಪ್ಲಾಸ್ಮಾದ ವೇಲ್ಯಾಂಡ್ ಸೆಷನ್ನಿನಲ್ಲಿ ಕೀಲಿಮಣೆ ಕೆಲಸ ಮಾಡದಿದ್ದರೆ, ಸೆಟ್ಟಿಂಗ್ಸಿನ ವರ್ಚುವಲ್ ಕೀಬೋರ್ಡ್ ವಿಭಾಗದಲ್ಲಿ ಐಬಸ್ ವೇಲ್ಯಾಂಡ್ ಆರಿಸಬೇಕು.

ಲಾಗಿನ್ ಸುತ್ತಿನ ತೊಂದರೆ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಪಾಸ್‌ವರ್ಡ್ ಕೊಟ್ಟರೆ ಪರದೆ ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ನಿಗೇ ಬರುತ್ತದೆ. ಡ್ರೈವರನ್ನು ದೂರುವ ಮೊದಲು ಕನ್ಸೋಲಿಗೆ ಹೋಗಿ ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿ. ಹೋಮ್ ತುಂಬಿಹೋಗಿದ್ದರೆ ಸೆಷನ್ ಶುರುವಾಗುವುದಿಲ್ಲ. ಎಕ್ಸ್11 ಆದರೆ ಹೋಮ್ ಫೋಲ್ಡರಿನ ಎಕ್ಸ್‌ಅಥಾರಿಟಿ ಫೈಲಿನ ಒಡೆತನ ರೂಟ್ ಹೆಸರಿಗೆ ಹೋಗಿದೆಯೇ ನೋಡಿ. ಯಾವತ್ತೋ ಸುಡೊ ಹಾಕಿ ಗ್ರಾಫಿಕಲ್ ಪ್ರೋಗ್ರಾಂ ತೆರೆದದ್ದರ ಫಲ ಅದು.

ಲಾಗ್ ಓದುವುದಕ್ಕೆ ಜನ ಯಾಕೆ ಇಷ್ಟು ಹೆದರುತ್ತಾರೋ ತಿಳಿಯದು. ಹಿಂದಿನ ಬೂಟಿನಲ್ಲಿ ಆದದ್ದನ್ನು ಜರ್ನಲ್‌ಸಿಟಿಎಲ್ ಆಜ್ಞೆ ತೋರಿಸುತ್ತದೆ. ಎಕ್ಸ್ ಲಾಗಿನಲ್ಲಿ ಪ್ರತಿ ದೋಷದ ಸಾಲಿನ ಮುಂದೆ ಆವರಣದಲ್ಲಿ ಎರಡು ಇ ಅಕ್ಷರ ಇರುತ್ತವೆ, ಅವನ್ನಷ್ಟೇ ಹೆಕ್ಕಿದರೆ ಸಾವಿರ ಸಾಲು ನಾಲ್ಕೈದಕ್ಕೆ ಇಳಿಯುತ್ತದೆ. ನೋ ಸ್ಕ್ರೀನ್ಸ್ ಫೌಂಡ್ ಎಂದು ಕಂಡರೆ ಮಾನಿಟರ್ ಕೆಟ್ಟಿದೆ ಎಂದುಕೊಳ್ಳಬೇಡಿ, ಹೆಚ್ಚಿನ ಸಲ ಅದರ ಅರ್ಥ ಡ್ರೈವರ್ ಹತ್ತಲಿಲ್ಲ ಎಂದು. ಕಾರ್ಡಿಗೆ ಯಾವ ಡ್ರೈವರ್ ಅಂಟಿಕೊಂಡಿದೆ ಎಂಬುದನ್ನು ಎಲ್‌ಎಸ್‌ಪಿಸಿಐ ಆಜ್ಞೆ ಕೆ ಆಯ್ಕೆಯೊಂದಿಗೆ ಹೇಳುತ್ತದೆ. ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ ಎಂಬ ಸಲಹೆಗಿಂತ ಈ ಎರಡು ಆಜ್ಞೆ ಮೇಲು. ಅದೇ ಕರ್ನಲ್, ಅದೇ ಡ್ರೈವರ್ ಮತ್ತೆ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ಸೋಲುತ್ತದೆ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಗ್ರಬ್ಬಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಪರದೆ ಬಂದರೆ ಮುಂದಿನ ತಿದ್ದುಪಡಿ ಬರುವವರೆಗೆ ಅಲ್ಲೇ ಇರಬಹುದು.

ಓದುಗರಲ್ಲಿ ನನ್ನದೊಂದು ಕೋರಿಕೆ ಇದೆ. ಸಹಾಯ ಕೇಳುವಾಗ ಕಾರ್ಡಿನ ಮಾದರಿ, ವಿತರಣೆಯ ಆವೃತ್ತಿ, ಕರ್ನಲ್ ಸಂಖ್ಯೆ, ಎಕ್ಸ್11 ಅಥವಾ ವೇಲ್ಯಾಂಡ್, ಚಿತ್ರ ಯಾವ ಹಂತದವರೆಗೆ ಬಂತು, ಇಷ್ಟನ್ನೂ ಬರೆಯಿರಿ. ತೊಂದರೆ ಬಗೆಹರಿದ ಮೇಲೆ ಸುಮ್ಮನಾಗದೆ, ಏನು ಮಾಡಿದಿರಿ ಎಂಬುದನ್ನು ತಾರೀಖು ಸಮೇತ ಕನ್ನಡದಲ್ಲಿ ಬರೆದಿಡಿ.